ಹತ್ತು ಕಿಲೋಮೀಟರಿಗೆ ಹತ್ತು ಮೀಟರು ಹೆಚ್ಚು: ಓಟದ ದಾರಿ ಅಳೆದ ಬಗೆ

ಬೆಂಗಳೂರಿನ ನಡುಭಾಗದಲ್ಲಿ ಓಟದ ದಾರಿ ಅಳೆಯಲು ಸಿಗುವ ಹೊತ್ತು ಬೆಳಗಿನ ಜಾವ ಮೂರೂವರೆಯಿಂದ ಐದೂವರೆ. ಅದಕ್ಕೂ ಮೊದಲು ಲಾರಿಗಳ ಓಡಾಟ, ಅದಾದ ಮೇಲೆ ಹಾಲಿನ ಗಾಡಿ ಮತ್ತು ಬಿಎಂಟಿಸಿ ಬಸ್ಸು. ಆ ಎರಡು ಗಂಟೆಯಲ್ಲಿ ಎರಡು ಸೈಕಲ್ಲು, ಹಿಂದೊಂದು ಪೊಲೀಸ್ ಜೀಪು, ನೋಟ್‌ಬುಕ್ಕು, ಸುತ್ತಿಗೆ ಇಷ್ಟನ್ನೇ ಇಟ್ಟುಕೊಂಡು ಹತ್ತು ಕಿಲೋಮೀಟರು ಮುಗಿಸಬೇಕು. ಹೊರದೇಶದ ಓಟಗಾರರೂ ಓಡುವ, ದಾಖಲೆಗೆ ಲೆಕ್ಕಕ್ಕೆ ಬರಬೇಕಾದ 10 ಕಿ.ಮೀ. ಓಟವೊಂದಕ್ಕೆ ನಾವು ದಾರಿ ಅಳೆದ ಕ್ರಮ ಇದು. ಬೇರೆ ಊರುಗಳಲ್ಲಿ ಓಟ ಏರ್ಪಡಿಸುವವರಿಗೆ ನೇರವಾಗಿ ಬಳಕೆಗೆ ಬರಲಿ ಎಂದು ಅಂಕಿ ಸಮೇತ ಬರೆದಿದ್ದೇವೆ.

ಇಷ್ಟೊಂದು ಕಷ್ಟ ಯಾಕೆ ಎಂದು ಕೇಳುವವರಿದ್ದಾರೆ. ಕೀನ್ಯಾದ ಇಟೆನ್‌ನಲ್ಲಿ ಓಡುವವರೂ ಜಪಾನಿನಲ್ಲಿ ಓಡುವವರೂ ನಮ್ಮ ಹುಬ್ಬಳ್ಳಿಯಲ್ಲಿ ಓಡುವವರೂ ಒಂದೇ ಗೆರೆಯ ಹಿಂದೆ ನಿಲ್ಲುವುದು ಎಲ್ಲೋ ಒಮ್ಮೆ. ಉಳಿದ ದಿನಗಳಲ್ಲೆಲ್ಲ ಅವರನ್ನು ಒಂದೇ ಪಟ್ಟಿಯಲ್ಲಿ ಕೂರಿಸುವುದು ಅವರ ಸಮಯ. ಬಾಸ್ಟನ್ ಮ್ಯಾರಥಾನಿಗೆ ಅರ್ಜಿ ಹಾಕುವವರು ಅಳತೆಯ ಪ್ರಮಾಣಪತ್ರವಿರುವ ದಾರಿಯಲ್ಲೇ ಅರ್ಹತಾ ಸಮಯ ಗಳಿಸಿರಬೇಕು. ನಮ್ಮ ಕಿಲೋಮೀಟರೂ ಅವರ ಕಿಲೋಮೀಟರೂ ಒಂದೇ ಆಗಿದ್ದರೆ ಮಾತ್ರ ಆ ಸಮಯಕ್ಕೆ ಬೆಲೆ.

ಇದು ಮೊದಲಿಂದ ಹೀಗಿರಲಿಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದ ರಾಜಮನೆತನದ ಆಸನದ ಮುಂದಿನವರೆಗೆ ಬಂದ ದೂರ 26 ಮೈಲಿ 385 ಗಜ, ಅಂದರೆ 42.195 ಕಿ.ಮೀ. 1912ರಲ್ಲಿ ಸ್ಟಾಕ್‌ಹೋಮ್‌ನಲ್ಲಿ 40.2 ಕಿ.ಮೀ., 1920ರಲ್ಲಿ ಆಂಟ್‌ವರ್ಪ್‌ನಲ್ಲಿ 42.75 ಕಿ.ಮೀ. ಆ ಆಂಟ್‌ವರ್ಪ್ ಮ್ಯಾರಥಾನಿನಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ 19ನೆಯವರಾಗಿ ಬಂದರು. ಇಂದಿನ ಮ್ಯಾರಥಾನಿಗಿಂತ ಅವರು 555 ಮೀಟರು ಹೆಚ್ಚು ಓಡಿದ್ದರು. ಅವರ ವೇಗದಲ್ಲಿ ಅದು ಸುಮಾರು 2 ನಿಮಿಷ 13 ಸೆಕೆಂಡು. ನೂರು ವರ್ಷದ ಹಿಂದಿನ ಆ ಸಮಯವನ್ನು ಇಂದಿನ ಓಟಗಾರರ ಸಮಯದ ಪಕ್ಕ ಇಡುವಾಗ ಈ 133 ಸೆಕೆಂಡನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಮನುಷ್ಯನಿಗೆ ಅದು ಸಲ್ಲಬೇಕು ಎಂದು ನಮಗೆ ಅನಿಸುತ್ತದೆ. 42.195 ಎಂದು ನಿಗದಿಯಾದದ್ದು ಮರುವರ್ಷ, 1921ರಲ್ಲಿ.

ದೂರ ನಿಗದಿಯಾಯಿತೇ ಹೊರತು ರಸ್ತೆಯ ಮೇಲೆ ಅದನ್ನು ಅಳೆಯುವ ಒಂದೇ ಬಗೆ ಇರಲಿಲ್ಲ. ಕಾರಿನ ಮೀಟರು, ನಕಾಶೆ, ಸರ್ವೆಯವರ ಚಕ್ರ, ಅವರವರಿಗೆ ಸಿಕ್ಕಿದ್ದು. ಸೈಕಲ್ ಚಕ್ರವನ್ನು ಮೊದಲು ಅಳೆದ ದೂರದ ಮೇಲೆ ಓಡಿಸಿ ಲೆಕ್ಕ ಹಿಡಿಯುವ ಪದ್ಧತಿಯನ್ನು 1961ರಲ್ಲಿ ಇಂಗ್ಲೆಂಡಿನ ಜಾನ್ ಜ್ಯುವೆಲ್ ಬರೆದಿಟ್ಟರು. 1964ರಲ್ಲಿ ಅಮೆರಿಕದಲ್ಲಿ ಅದನ್ನು ಪ್ರಚಾರಕ್ಕೆ ತಂದವರು ಟೆಡ್ ಕಾರ್ಬಿಟ್, ಸ್ವತಃ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಮ್ಯಾರಥಾನ್ ಓಟಗಾರ. 1971ರಲ್ಲಿ ಅಲನ್ ಜೋನ್ಸ್ ಎಂಬ ಅಮೆರಿಕದ ಎಂಜಿನಿಯರು ಮುಂದಿನ ಚಕ್ರದ ಅಚ್ಚಿಗೆ ಕೂರಿಸುವ ಪುಟ್ಟ ಹಲ್ಲುಚಕ್ರದ ಎಣಿಕೆ ಯಂತ್ರ ಮಾಡಿದರು. ಇವತ್ತಿಗೂ ಒಲಿಂಪಿಕ್ಸ್ ಮ್ಯಾರಥಾನಿನಿಂದ ನಮ್ಮೂರ ಓಟದವರೆಗೆ ದಾರಿ ಅಳೆಯುವುದು ಈ ಜೋನ್ಸ್ ಕೌಂಟರಿನಲ್ಲೇ. ರಸ್ತೆ ಓಟಗಳಿಗೆ ವಿಶ್ವದಾಖಲೆ ಎಂಬ ಹೆಸರು ಅಧಿಕೃತವಾಗಿ ಸಿಕ್ಕಿದ್ದು 2004ರಿಂದ. ಅಲ್ಲಿಯವರೆಗೆ ಅವು ‘ವಿಶ್ವದ ಅತ್ಯುತ್ತಮ ಸಮಯ’ ಮಾತ್ರ.

ನಮ್ಮ ಬಳಿ ಇರುವ ಕೌಂಟರು ಚಕ್ರ ಒಂದು ಸುತ್ತು ತಿರುಗಿದರೆ 260ನ್ನು 11ರಿಂದ ಭಾಗಿಸಿದಷ್ಟು, ಅಂದರೆ 23.64 ಎಣಿಕೆ ಕೊಡುತ್ತದೆ. 700 ಅಳತೆಯ ಚಕ್ರದಲ್ಲಿ ಒಂದು ಎಣಿಕೆ ಎಂದರೆ ಹೆಚ್ಚೂಕಡಿಮೆ 9 ಸೆಂಟಿಮೀಟರು. ಆದರೆ ಅಳತೆಯ ನಂಬಿಕೆ ಕೌಂಟರಿನಲ್ಲಿಲ್ಲ, ಸ್ಟೀಲ್ ಟೇಪಿನಲ್ಲಿದೆ. ಎಲ್ಲ ಶುರುವಾಗುವುದು ಅಲ್ಲಿಂದ.

ಮೊದಲು ಕನಿಷ್ಠ 300 ಮೀಟರು ಉದ್ದದ, ನೆಟ್ಟಗಿರುವ, ಏರಿಳಿತವಿಲ್ಲದ ರಸ್ತೆ ಹುಡುಕಬೇಕು. ಬೆಂಗಳೂರಿನಲ್ಲಿ ಇದೇ ದೊಡ್ಡ ಹುಡುಕಾಟ. ನೇರ ಇದ್ದಲ್ಲಿ ಹಂಪ್ಸ್ ಇರುತ್ತದೆ, ಹಂಪ್ಸ್ ಇಲ್ಲದಲ್ಲಿ ಅಂಚಿನುದ್ದಕ್ಕೂ ಕಾರು ನಿಂತಿರುತ್ತವೆ. ಓಟದ ದಾರಿಗೆ ಹತ್ತಿರದಲ್ಲೇ ಸಿಗಬೇಕು, ದೂರವಾದರೆ ಹೋಗಿಬರುವಷ್ಟರಲ್ಲಿ ಟೈರಿನ ಶಾಖ ಬದಲಾಗುತ್ತದೆ. ನಾವು 400 ಮೀಟರಿನ ಒಂದು ತುಂಡು ಹಿಡಿದೆವು. 50 ಮೀಟರಿನ ಸ್ಟೀಲ್ ಟೇಪನ್ನು ಎಂಟು ಸಲ ಹಾಸಬೇಕು. ಪ್ರತಿ ಸಲ ಟೇಪಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ 5 ಕೆ.ಜಿ. ತೋರಿಸುವವರೆಗೆ ಎಳೆದು ಹಿಡಿಯಬೇಕು. ಸಡಿಲ ಬಿಟ್ಟರೆ ಟೇಪು ಅಲೆಯಾಗಿ ದೂರ ಕಡಿಮೆಯಾಗುತ್ತದೆ. ಗುರುತನ್ನು ಡಾಂಬರಿನ ಮೇಲೆ ಚಾಕ್‌ಪೀಸಿನಲ್ಲಿ ಹಾಕಬೇಡಿ, ಚಾಕ್‌ಪೀಸಿನ ಗೆರೆಯೇ ಅರ್ಧ ಸೆಂಟಿಮೀಟರು ದಪ್ಪ. ಮಾಸ್ಕಿಂಗ್ ಟೇಪು ಅಂಟಿಸಿ ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಗೀಟು ಎಳೆಯಿರಿ. ಆ ತುದಿ ಮುಟ್ಟಿದ ಮೇಲೆ ಹಿಂದಿರುಗುತ್ತ ಮತ್ತೊಮ್ಮೆ ಅಳೆಯಬೇಕು. ಎಂಟು ಸಲ ಹಾಸುವ ಕಡೆ ಏಳೇ ಸಲ ಹಾಸಿ ಎಂಟು ಎಂದು ಬರೆದುಕೊಂಡಿರುವ ಸಾಧ್ಯತೆ ಯಾರಿಗೂ ತಪ್ಪಿದ್ದಲ್ಲ. ಎರಡನೆಯ ಅಳತೆ ಹಿಡಿಯುವುದು ಇಂಥ ತಪ್ಪನ್ನೇ.

ಶಾಖದ ಲೆಕ್ಕವನ್ನೂ ಬಿಡುವಂತಿಲ್ಲ. ಟೇಪು 20 ಡಿಗ್ರಿಯಲ್ಲಿ ಸರಿಯಾಗಿರುತ್ತದೆ. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೆ ಹತ್ತು ಲಕ್ಷಕ್ಕೆ 11.6 ಭಾಗ ಹಿಗ್ಗುತ್ತದೆ. ನಾವು ಅಳೆದಾಗ 21 ಡಿಗ್ರಿ ಇದ್ದುದರಿಂದ 400 ಮೀಟರಿಗೆ ಅರ್ಧ ಸೆಂಟಿಮೀಟರೂ ವ್ಯತ್ಯಾಸ ಬರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ರಸ್ತೆಯ ಮೇಲಿನ ಟೇಪು 40 ಡಿಗ್ರಿ ಮುಟ್ಟಿದ್ದರೆ 9 ಸೆಂಟಿಮೀಟರು, ಅಂದರೆ 10 ಕಿ.ಮೀ. ದಾರಿಗೆ 2 ಮೀಟರಿಗೂ ಹೆಚ್ಚು ತಪ್ಪು. ತುದಿಗಳೆರಡಕ್ಕೂ ವಾಷರ್ ಹಾಕಿ ಕಾಂಕ್ರೀಟ್ ಮೊಳೆ ಹೊಡೆದರೆ ಈ ಕೆಲಸ ಮುಗಿದಂತೆ.

ಇನ್ನು ಸೈಕಲ್ಲು. ಟೈರಿಗೆ ಗಾಳಿಯನ್ನು ಹಿಂದಿನ ರಾತ್ರಿಯೇ ಗಟ್ಟಿಯಾಗಿ ತುಂಬಿಸಿ ಹೊರಗೆ ನಿಲ್ಲಿಸಿರಬೇಕು. ಪಂಪು ಹೊಡೆದ ತಕ್ಷಣ ಟೈರಿನೊಳಗಿನ ಗಾಳಿ ಬಿಸಿಯಿರುತ್ತದೆ, ಅದು ಆರುವವರೆಗೆ ಲೆಕ್ಕ ನಿಲ್ಲುವುದಿಲ್ಲ. 400 ಮೀಟರಿನ ಆ ತುಂಡಿನ ಮೇಲೆ ಹೋಗಿ ಎರಡು, ಬಂದು ಎರಡು, ಒಟ್ಟು ನಾಲ್ಕು ಸಲ ಓಡಿಸಬೇಕು. ಕೂತವರು ಅವರೇ, ಬೆನ್ನ ಚೀಲ ಅದೇ, ನೀರಿನ ಬಾಟಲಿಯೂ ಅದೇ ಇರಬೇಕು. ಭಾರ ಹೆಚ್ಚಿದರೆ ಟೈರು ತುಸು ಚಪ್ಪಟೆಯಾಗಿ ಎಣಿಕೆ ಏರುತ್ತದೆ. ಈ ಕಾರಣಕ್ಕೇ ಒಬ್ಬರ ಲೆಕ್ಕದಲ್ಲಿ ಇನ್ನೊಬ್ಬರು ಆ ಸೈಕಲ್ ಓಡಿಸುವಂತಿಲ್ಲ.

ನಮ್ಮ ಮೊದಲ ಸೈಕಲ್ಲಿನ ನಾಲ್ಕು ಎಣಿಕೆ: 4461, 4460.5, 4461, 4460.5. ಸರಾಸರಿ 4460.75. ಇದನ್ನು 0.4ರಿಂದ ಭಾಗಿಸಿದರೆ ಕಿಲೋಮೀಟರಿಗೆ 11,151.88. ಈಗ ಎಲ್ಲಕ್ಕಿಂತ ಮುಖ್ಯವಾದ ಗುಣಾಕಾರ: 1.001. ಉತ್ತರ 11,163.03. ಎಂದರೆ ಪ್ರತಿ ಕಿಲೋಮೀಟರಿಗೆ ಬೇಕೆಂದೇ ಒಂದು ಮೀಟರು ಹೆಚ್ಚು ಹಾಕುತ್ತೇವೆ. 10 ಕಿ.ಮೀ. ಓಟದ ದಾರಿ ನೆಲದ ಮೇಲೆ 10,010 ಮೀಟರು, ಮ್ಯಾರಥಾನಿನದು 42,237 ಮೀಟರು. ಓಟಗಾರರಲ್ಲಿ ಬಹಳ ಮಂದಿಗೆ ಇದು ಗೊತ್ತಿಲ್ಲ, ಗೊತ್ತಾದಾಗ ಕೆಲವರಿಗೆ ಬೇಸರವೂ ಆಗುತ್ತದೆ. ಸೈಕಲ್ ಅಳತೆಯಲ್ಲಿ ಸಾವಿರಕ್ಕೆ ಒಂದರಷ್ಟು ಹೆಚ್ಚುಕಡಿಮೆ ಇರಬಹುದು. ಆ ತಪ್ಪು ಯಾವ ಕಡೆಗೆ ಬಿದ್ದರೂ ದಾರಿ 10,000 ಮೀಟರಿಗೆ ಕಡಿಮೆಯಾಗಬಾರದು ಎಂಬುದೇ ಇದರ ಉದ್ದೇಶ. ಕಡಿಮೆ ದೂರದ ದಾರಿ ಅಲ್ಲಿ ಓಡಿದ ಪ್ರತಿಯೊಬ್ಬರ ಶ್ರಮವನ್ನೂ ಲೆಕ್ಕದಿಂದ ಅಳಿಸಿಬಿಡುತ್ತದೆ. 1981ರ ನ್ಯೂಯಾರ್ಕ್ ಮ್ಯಾರಥಾನಿನಲ್ಲಿ ಆಲ್ಬರ್ಟೊ ಸಲಾಜರ್ ಓಡಿದ 2:08:13 ವಿಶ್ವದಲ್ಲೇ ವೇಗದ್ದು ಎನಿಸಿಕೊಂಡಿತು, ಹಳೆಯದಕ್ಕಿಂತ 20 ಸೆಕೆಂಡು ಉತ್ತಮ. ಆಮೇಲೆ ಮರು ಅಳತೆ ಮಾಡಿದಾಗ ದಾರಿ ಸುಮಾರು 148 ಮೀಟರು ಕಡಿಮೆ ಬಂತು. ಅವರ ವೇಗದಲ್ಲಿ ಅಷ್ಟು ದೂರಕ್ಕೆ 27 ಸೆಕೆಂಡು ಬೇಕು. ದಾಖಲೆ ಹೋಯಿತು.

ಆರಂಭದ ಗೆರೆಯಲ್ಲಿ ಕೌಂಟರ್ 214500 ತೋರಿಸುತ್ತಿತ್ತು. ಹಾಗಾದರೆ ಮೊದಲ ಕಿಲೋಮೀಟರಿನ ಗುರುತು 225663ರಲ್ಲಿ, ಎರಡನೆಯದು 236826ರಲ್ಲಿ, ಹತ್ತನೆಯದು 326130ರಲ್ಲಿ. ಈ ಹತ್ತೂ ಅಂಕಿಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಹ್ಯಾಂಡಲಿಗೆ ಅಂಟಿಸಿಕೊಂಡು ಹೊರಡಬೇಕು. ಮಬ್ಬು ಬೆಳಕಿನಲ್ಲಿ, ಹಿಂದೆ ಜೀಪು ನಿಂತಿರುವಾಗ ಕೂಡುವುದಕ್ಕೆ ಹೋದರೆ ತಪ್ಪುತ್ತದೆ.

ಓಡಿಸುವಾಗಿನ ನಿಯಮ ಒಂದೇ: ಓಟಗಾರರಿಗೆ ತೆರೆದಿರುವ ರಸ್ತೆಯಲ್ಲಿ ಅತಿ ಹತ್ತಿರದ ದಾರಿ ಯಾವುದೋ ಅದರ ಮೇಲೆ ಚಕ್ರ ಹೋಗಬೇಕು. ತಿರುವಿನಲ್ಲಿ ಒಳಗಿನ ಅಂಚುಕಲ್ಲಿನಿಂದ 30 ಸೆಂಟಿಮೀಟರು ಬಿಟ್ಟು, ಒಂದು ತಿರುವಿನಿಂದ ಎದುರು ಬದಿಯ ಮುಂದಿನ ತಿರುವಿಗೆ ರಸ್ತೆಗೆ ಓರೆಯಾಗಿ, ದಾರ ಬಿಗಿದಂತೆ ನೆಟ್ಟಗೆ. ದೊಡ್ಡ ಓಟಗಳಲ್ಲಿ ರಸ್ತೆಯ ಮೇಲೆ ಬಳಿಯುವ ನೀಲಿ ಗೆರೆ ಇದೇ. ಹಳಬರ ಕಾಲೂ ಇಲ್ಲಿ ಎಡವುವುದುಂಟು. ವಾಹನದ ಭಯಕ್ಕೆ ಅಂಚು ಬಿಟ್ಟು ದೂರ ಸರಿಯುತ್ತಾರೆ. 90 ಡಿಗ್ರಿ ತಿರುವಿನಲ್ಲಿ 30 ಸೆಂಟಿಮೀಟರಿನ ಬದಲು ಒಂದು ಮೀಟರು ಬಿಟ್ಟರೆ ಚಕ್ರ 1.1 ಮೀಟರು ಹೆಚ್ಚು ಉರುಳುತ್ತದೆ, ಯೂ ಟರ್ನಿನಲ್ಲಿ 2.2 ಮೀಟರು. ಚಕ್ರ ಹೆಚ್ಚು ಉರುಳಿದರೆ ಎಣಿಕೆ ಬೇಗ ತುಂಬುತ್ತದೆ, ಅಂತಿಮ ಗೆರೆ ಹಿಂದೆಯೇ ಬೀಳುತ್ತದೆ, ದಾರಿ ಕಡಿಮೆಯಾಗುತ್ತದೆ. ಹತ್ತು ತಿರುವಿನಲ್ಲಿ ಹೀಗೆ ಮಾಡಿದರೆ ಸಾವಿರಕ್ಕೆ ಒಂದರ ಆ ಹತ್ತು ಮೀಟರೂ ಮುಗಿದುಹೋಯಿತು.

ಓಟದ ದಿನ ರಸ್ತೆ ಮುಚ್ಚಿರುತ್ತದೆ, ಅಳೆಯುವ ದಿನ ತೆರೆದಿರುತ್ತದೆ. ಒಂದೇ ದಿಕ್ಕಿನ ರಸ್ತೆಯಲ್ಲಿ ಎದುರು ಹೋಗಬೇಕಾದ ತುಂಡುಗಳಿರುತ್ತವೆ. ಪೊಲೀಸ್ ಜೀಪು ಬೇಕಾಗುವುದು ಮುಖ್ಯವಾಗಿ ಅಲ್ಲಿಗೆ. ಆ ತುಂಡುಗಳಿಗೆ ಒಟ್ಟಾಗಿ ಒಂದು ಪಟ್ಟಿ ಮಾಡಿ ಮುಂಚಿತವಾಗಿಯೇ ಸಂಚಾರ ಪೊಲೀಸರಿಗೆ ಕೊಡಿ. ಹೋಗಬೇಕಾದ ಗೆರೆಯ ಮೇಲೆ ಕಾರು ನಿಂತಿದ್ದರೆ ಅದನ್ನು ಬಳಸಿಕೊಂಡು ಹೋಗಬಾರದು. ಕಾರಿಗೆ ಒಂದಿಷ್ಟು ಹಿಂದೆ ನಿಂತು ಮುಂದಿನ ಬ್ರೇಕ್ ಹಿಡಿದು ಚಕ್ರ ತಿರುಗದಂತೆ ಸೈಕಲ್ಲನ್ನು ಅಡ್ಡಕ್ಕೆ ಎತ್ತಿಡಬೇಕು. ಅಲ್ಲಿಂದ ಗೆರೆಗೆ ಸಮಾನಾಂತರವಾಗಿ ಕಾರು ದಾಟಿ, ಮತ್ತೆ ಬ್ರೇಕ್ ಹಿಡಿದು ಗೆರೆಯ ಮೇಲಕ್ಕೆ ಎತ್ತಿಡಬೇಕು. ಬ್ರೇಕ್ ಹಿಡಿಯದೆ ಎತ್ತಿದರೆ ಗಾಳಿಯಲ್ಲಿ ಚಕ್ರ ತಿರುಗಿ ಎಣಿಕೆ ಕೆಡುತ್ತದೆ. ಗುರುತು ದಾಟಿ ಮುಂದೆ ಹೋಗಿಬಿಟ್ಟರೆ ಹಿಂದಕ್ಕೆ ತಳ್ಳಿ ಅಲ್ಲಿಗೇ ನಿಲ್ಲಿಸಬೇಡಿ, ಹಲ್ಲುಚಕ್ರದಲ್ಲಿ ಸ್ವಲ್ಪ ಸಡಿಲವಿರುತ್ತದೆ. ಇನ್ನೂ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬಂದು ನಿಲ್ಲಬೇಕು. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ನಿಲ್ಲುವುದೇ ಒಳ್ಳೆಯದು. ಗಾಬರಿಯಲ್ಲಿ ಹ್ಯಾಂಡಲ್ ಅತ್ತಿತ್ತ ಆಡಿದರೆ ಅದೂ ಎಣಿಕೆಗೆ ಸೇರುತ್ತದೆ. ಪಂಕ್ಚರ್ ಆದರೆ ಆ ದಿನದ ಲೆಕ್ಕ ಅಷ್ಟೂ ಹೋಯಿತು, ಹೊಸ ಟ್ಯೂಬ್ ಹಾಕಿ ಮುಂದುವರಿಸುವಂತಿಲ್ಲ.

ದಾರಿ ಮುಗಿದ ಕೂಡಲೇ ತಿಂಡಿಗೆ ಹೋಗಬಾರದು. ಮತ್ತೆ ಆ 400 ಮೀಟರಿಗೇ ಹೋಗಿ ನಾಲ್ಕು ಸಲ ಓಡಿಸಬೇಕು. ಅಷ್ಟರಲ್ಲಿ ಟೈರಿನ ಶಾಖ ಏರಿತ್ತು. ಟೈರು ಹಿಗ್ಗಿ ಎಣಿಕೆ ಇಳಿದಿತ್ತು: 4458.5, 4458, 4458, 4458.5. ಸರಾಸರಿ 4458.25, ಒಂದು ಸಾವಿರಾಂಶ ಸೇರಿಸಿದ ಮೇಲೆ ಕಿಲೋಮೀಟರಿಗೆ 11,156.77. ಬೆಳಗಿನದು, ಆಮೇಲಿನದು ಎರಡರ ಸರಾಸರಿ 11,159.90. ಇದೇ ಆ ದಿನದ ನಿಜವಾದ ಅಂಕಿ. ಈ ಅಂಕಿಯಲ್ಲಿ ನೋಡಿದರೆ ನಾವು ಹಾಕಿದ್ದು 10,002.8 ಮೀಟರು, ಅದೂ ಆ ಹತ್ತು ಮೀಟರು ಬಿಟ್ಟು. ಎರಡನೆಯ ಸೈಕಲ್ಲಿನವರು ಅದೇ ಗುರುತುಗಳ ನಡುವೆ ತಮ್ಮ ಲೆಕ್ಕದಲ್ಲಿ ಪಡೆದದ್ದು 10,006.5. ಎರಡಕ್ಕೂ 3.7 ಮೀಟರು ಅಂತರ, ಹತ್ತು ಸಾವಿರಕ್ಕೆ ನಾಲ್ಕರೊಳಗೆ. ಎಂಟರವರೆಗೂ ಒಪ್ಪಬಹುದು. ಒಪ್ಪಿಕೊಳ್ಳುವುದು ಸರಾಸರಿಯನ್ನಲ್ಲ, ಕಡಿಮೆ ತೋರಿಸಿದ್ದನ್ನು. ಅಷ್ಟೇ ದೂರದಲ್ಲಿ ಆ ಜಾಗಗಳ ನಡುವೆ ಚಕ್ರ ಹೋಗಿದೆ ಎಂದ ಮೇಲೆ ಓಟಗಾರನೂ ಹೋಗಬಲ್ಲ.

2.8 ಮೀಟರು ತೆಗೆಯಬೇಕು. ಅಂತಿಮ ಗೆರೆಗೆ ಕಮಾನು, ಕ್ಯಾಮೆರಾ, ಓಟಗಾರರ ಸಮಯ ಹಿಡಿಯುವ ಎಲೆಕ್ಟ್ರಾನಿಕ್ ಚಾಪೆ ಎಲ್ಲ ಜಾಗ ಹಿಡಿದಿರುತ್ತವೆ, ಅದನ್ನು ಸರಿಸಲು ಯಾರೂ ಒಪ್ಪುವುದಿಲ್ಲ. ಯೂ ಟರ್ನಿನ ಗುರುತನ್ನು 1.4 ಮೀಟರು ಈಚೆಗೆ ತಂದರೆ ಸಾಕು, ಹೋಗುವಾಗ ಅಷ್ಟು, ಬರುವಾಗ ಅಷ್ಟು ಉಳಿಯುತ್ತದೆ. ಆದರೆ ನಡುವಿನ ಕಿಲೋಮೀಟರ್ ಗುರುತುಗಳನ್ನೂ ಇದಕ್ಕೆ ತಕ್ಕಂತೆ ಮತ್ತೆ ಲೆಕ್ಕ ಹಾಕಿ ಸರಿಸಬೇಕು, ಇದನ್ನು ಮರೆಯುವವರು ಬಹಳ.

ದಾಖಲೆಗೆ ಒಪ್ಪುವ ದಾರಿಗೆ ಇನ್ನೆರಡು ಷರತ್ತುಗಳಿವೆ. ಆರಂಭದಿಂದ ಅಂತ್ಯಕ್ಕೆ ಇಳಿಜಾರು ಕಿಲೋಮೀಟರಿಗೆ ಒಂದು ಮೀಟರು ದಾಟಬಾರದು. ಆ ಎರಡು ಗೆರೆಗಳ ನಡುವಿನ ನೇರ ದೂರ ಓಟದ ಅರ್ಧಕ್ಕಿಂತ ಹೆಚ್ಚಿರಬಾರದು. 2011ರಲ್ಲಿ ಬಾಸ್ಟನ್‌ನಲ್ಲಿ ಜೆಫ್ರಿ ಮುಟಾಯಿ ಓಡಿದ 2:03:02 ವಿಶ್ವದಾಖಲೆಯಾಗದೆ ಉಳಿದದ್ದು ಇದರಿಂದಲೇ. ಸುತ್ತಿ ಬಂದು ಹೊರಟಲ್ಲಿಗೇ ಸೇರುವ ನಮ್ಮ ದಾರಿಗೆ ಈ ಚಿಂತೆ ಇರಲಿಲ್ಲ.

ಓಟ ಮುಗಿದ ಮೇಲೆ ಬರುವ ದೂರುಗಳಲ್ಲಿ ಮೊದಲನೆಯದು ಕೈಗಡಿಯಾರದ್ದು: ‘ನನ್ನದರಲ್ಲಿ 10.2 ತೋರಿಸಿತು’. ಕಬ್ಬನ್ ಪಾರ್ಕಿನ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಅತ್ತಿತ್ತ ನೆಗೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಸಾವಿರಾರು ಜನರ ನಡುವೆ ಓಡುವವರಿಗೆ ಆ 30 ಸೆಂಟಿಮೀಟರಿನ ಗೆರೆ ಸಿಗುವುದೇ ಇಲ್ಲ. ತಿರುವನ್ನು ಹೊರಗಿನಿಂದ ತೆಗೆದುಕೊಂಡು, ಮುಂದಿನವರನ್ನು ದಾಟಲು ಅಡ್ಡ ಹೋಗಿ, ನೀರಿನ ಮೇಜಿನ ಕಡೆ ಸರಿದು ಅವರು ನಿಜವಾಗಿಯೂ ಹೆಚ್ಚು ಓಡಿರುತ್ತಾರೆ. ತಾಳ್ಮೆಯಿಂದ ಹೇಳಿದರೆ ಅರ್ಥಮಾಡಿಕೊಳ್ಳುತ್ತಾರೆ.

ಇಷ್ಟೆಲ್ಲ ಅಳೆದದ್ದು ರಸ್ತೆಯ ಮೇಲಿಡುವ ಒಂದು ಟ್ರಾಫಿಕ್ ಕೋನಿನಿಂದ ಕೆಡಬಹುದು. 2021ರ ಬ್ರೈಟನ್ ಮ್ಯಾರಥಾನಿನಲ್ಲಿ ಕೋನನ್ನು ತಪ್ಪು ಜಾಗದಲ್ಲಿಟ್ಟು ಎಲ್ಲರೂ 568 ಮೀಟರು ಹೆಚ್ಚು ಓಡಬೇಕಾಯಿತು. ಮ್ಯಾಂಚೆಸ್ಟರಿನಲ್ಲಿ 2013ರಿಂದ 2015ರವರೆಗೆ ಮೂರು ವರ್ಷ ಮ್ಯಾರಥಾನ್ ದಾರಿ 380 ಮೀಟರು ಕಡಿಮೆಯಿತ್ತು. ಅದು ಬಯಲಿಗೆ ಬಂದದ್ದು 2016ರಲ್ಲಿ. ಅಷ್ಟರಲ್ಲಿ ಸಾವಿರಾರು ಜನ ಆ ಸಮಯವನ್ನು ನಂಬಿಕೊಂಡಿದ್ದರು. ಆದ್ದರಿಂದ ಪ್ರತಿ ಯೂ ಟರ್ನಿಗೂ ಮೊಳೆ ಹೊಡೆದು, ಫೋಟೊ ತೆಗೆದು, ಆ ಜಾಗದ ಸ್ವಯಂಸೇವಕರ ಕೈಗೆ ಫೋಟೊ ಕೊಡಬೇಕು. ಹಿಂದಿನ ರಾತ್ರಿ ಬ್ಯಾರಿಕೇಡ್ ಇಳಿಸಿದವರು ಗಾಡಿ ತಿರುಗಿಸಲು ಕೋನನ್ನು 15 ಮೀಟರು ಈಚೆಗೆ ಸರಿಸಿದರೂ ದಾರಿ 30 ಮೀಟರು ಕಡಿಮೆಯಾಗುತ್ತದೆ. ಓಟದ ದಿನ ಅಳೆದವರಲ್ಲಿ ಒಬ್ಬರು ಮುಂದಿನ ವಾಹನದಲ್ಲಿ ದಾರಿಯ ನಕಾಶೆ ಹಿಡಿದು ಕೂರುವುದು ಇದನ್ನು ನೋಡುವುದಕ್ಕೆ. ರಸ್ತೆಯ ಪೂರ್ತಿ ಅಗಲವನ್ನು ಲೆಕ್ಕ ಹಿಡಿದು ಅಳೆದಲ್ಲಿ ಓಟಗಾರರಿಗೆ ಪೂರ್ತಿ ಅಗಲ ಬಿಟ್ಟಿದ್ದಾರೆಯೇ, ಒಂದೇ ಬದಿ ಎಂದಲ್ಲಿ ಕೋನಿನ ಸಾಲು ಮುರಿಯದೆ ಇದೆಯೇ, ಇವನ್ನು ಗುರುತು ಹಾಕುತ್ತ ಹೋಗಬೇಕು.

ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ, ದಾರಿ ಬದಲಾಗದಿದ್ದರೆ. ಬೆಂಗಳೂರಿನಲ್ಲಿ ಅದಕ್ಕೂ ಮುಂಚೆ ಡಾಂಬರು ಬದಲಾಗುತ್ತದೆ. ವೈಟ್ ಟಾಪಿಂಗ್ ಆದ ರಸ್ತೆಯಲ್ಲಿ ಮೊಳೆ ಕಾಂಕ್ರೀಟಿನ ಕೆಳಗೆ ಹೋಗಿರುತ್ತದೆ. ಅಂಗಡಿಯ ಬೋರ್ಡು, ಬಸ್ ನಿಲ್ದಾಣದ ಚಾವಣಿ ಇವನ್ನು ಗುರುತಿಗೆ ನಂಬಬೇಡಿ. ಪ್ರತಿ ಮೊಳೆಗೂ ಎರಡು ಸ್ಥಿರ ವಸ್ತುಗಳಿಂದ ದೂರ ಬರೆದಿಡಬೇಕು: ಹಳೆಯ ಕಲ್ಲಿನ ಕಾಂಪೌಂಡಿನ ಮೂಲೆ, ಮೆಟ್ರೊ ಕಂಬ, ಚರಂಡಿಯ ಕಬ್ಬಿಣದ ಮುಚ್ಚಳ. ಕಂಬವಾದರೆ ಅದರ ಸಂಖ್ಯೆ ಸಮೇತ. ನಮ್ಮ ಪಟ್ಟಿಯಲ್ಲಿ ಅಂತಿಮ ಗೆರೆಯ ಸಾಲು ಹೀಗಿದೆ: ಕಾಂಪೌಂಡಿನ ಮೂಲೆಯಿಂದ 4.35 ಮೀ., ಮುಚ್ಚಳದ ನಡುವಿನಿಂದ 2.10 ಮೀ., ಅಂಚುಕಲ್ಲಿನಿಂದ ಒಳಕ್ಕೆ 30 ಸೆಂ.ಮೀ.